ಪ್ರಶಿಕ್ಷಣಾರ್ಥಿಗಳ ಹೊರೆ ಇಳಿಯಲಿ



ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಇಡಿ. ವ್ಯಾಸಂಗವನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಕನಿಷ್ಠ 20 ವಾರಗಳ ಶಾಲಾ ಇಂಟರ್ನ್‌ಶಿಪ್ಪನ್ನು, ಅಂದರೆ ಪ್ರಶಿಕ್ಷಣಾರ್ಥಿಯು ಶಾಲೆಯಲ್ಲಿಯೇ ಇದ್ದು ಪಾಠ ಮಾಡುತ್ತ ವೃತ್ತಿಯನ್ನು ಕಲಿಯುವ ಅವಧಿಯನ್ನು, ಕಡ್ಡಾಯಗೊಳಿಸಿತು. ಉದ್ದೇಶ ಸರಿಯಾದುದೇ, ಆದರೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯದ ಕುಟುಂಬಗಳಿಂದ ಬಂದವರಿಗೆ ಈ ವಾರಗಳನ್ನು ದಾಟುವುದು ಸುಲಭವಲ್ಲ.

ಪಾಠಯೋಜನೆ, ಎಂದರೆ ಒಂದು ಅವಧಿಯ ಉದ್ದೇಶ, ಚಟುವಟಿಕೆ, ಮೌಲ್ಯಮಾಪನಗಳನ್ನು ಮೊದಲೇ ಬರೆದಿಡುವ ಕ್ರಮ, ಒಂದೊಂದು ತರಗತಿಗೂ ಹಲವು ಪುಟಗಳಷ್ಟು ಬೆಳೆಯುವುದರಿಂದ, ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹಿಡಿಯುವ ವಿದ್ಯಾರ್ಥಿನಿಯು ರಾತ್ರಿ ಮನೆಗೆಲಸ ಮುಗಿಸಿ, ಪುಟಗಳಿಗೆ ಸ್ಕೇಲಿನಿಂದ ಗೆರೆ ಎಳೆಯುತ್ತ, ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಜೀರ್ಣಾಂಗವ್ಯೂಹ ಬಿಡಿಸುತ್ತ ಕೂರಬೇಕಾಗುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಆ ಹಾಳೆ ಮುದುಡದಂತೆ ಕಾಯುವುದೂ ಅವಳದೇ ಹೊಣೆ. ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ, 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆ ಬಸ್ ಚಾರ್ಜಿನ ಚಿಂತೆಯನ್ನು ನೀಗಿಸಿರುವುದು ನಿಜಕ್ಕೂ ದೊಡ್ಡ ಆಸರೆ. ಬರವಣಿಗೆಯ ಈ ಹೊರೆಗಿಂತ ಗಂಭೀರವಾದುದೆಂದರೆ, ಶಿಕ್ಷಕರ ಕೊರತೆಯಿರುವ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿಗಳನ್ನು ಖಾಲಿ ತರಗತಿಗಳಿಗೆ ಒಬ್ಬರನ್ನೇ ಕಳುಹಿಸಿಬಿಡುವುದು: ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿ ತಿದ್ದುವ ಮಾರ್ಗದರ್ಶಕ ಶಿಕ್ಷಕರಿಲ್ಲದಿದ್ದರೆ ಇಂಟರ್ನ್‌ಶಿಪ್ ಬರೀ ಹಾಜರಿಯಾಗಿ ಉಳಿಯುತ್ತದೆ.

ಆದ್ದರಿಂದ ಶಿಕ್ಷಣ ಮಹಾವಿದ್ಯಾಲಯಗಳು ಮನೆಗೆ ಸಮೀಪದ ಶಾಲೆಗಳನ್ನೇ ಹಂಚಿ, ಆರಂಭದ ಕೆಲವು ಪಾಠಗಳ ನಂತರ ಸಂಕ್ಷಿಪ್ತ ಪಾಠಯೋಜನೆಯನ್ನು ಒಪ್ಪಿಕೊಳ್ಳಬೇಕು. ಇಂಟರ್ನ್‌ಶಿಪ್ ಅವಧಿಗೆ ಸಾಧಾರಣ ಮಾಸಿಕ ಭತ್ಯೆಯನ್ನಾದರೂ ನೀಡುವ ಬಗ್ಗೆ ಸರ್ಕಾರ ಬೇಗನೆ ತೀರ್ಮಾನಿಸಬೇಕೆಂದು ವಿನಂತಿ.

— ಓದುಗರು, ಕೊಟ್ಟೂರು