ಗಾಡಿ ಹಳೆಯದು, ಎಂಜಿನು ಹೊಸದು

ಬೆಂಗಳೂರು ದಕ್ಷಿಣಕ್ಕೆ ಚಾಚಿಕೊಂಡಂತೆಲ್ಲ ಕನಕಪುರ ರಸ್ತೆಯ ಮೇಲಿನ ತಲಘಟ್ಟಪುರದ ಚಹರೆಯೂ ಬದಲಾಗುತ್ತ ಬಂದಿತು. ಹೊಲಗದ್ದೆಗಳಿದ್ದ ಕಡೆ ಬಡಾವಣೆಗಳು ಎದ್ದುವು. ಬಡಾವಣೆಗಳ ನಡುವೆ ಬಹುಮಹಡಿಯ ವಸತಿ ಸಮುಚ್ಚಯಗಳು ತಲೆಯೆತ್ತಿದುವು. ರೇಷ್ಮೆಯ ಸಂಶೋಧನೆಗೆ ಮೀಸಲಾದ ಸಂಸ್ಥೆಯೊಂದು ಇಲ್ಲಿದೆ. ಅದರ ನೆನಪನ್ನು ಹೆಸರಿನಲ್ಲಿಯೇ ಹೊತ್ತ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ 2021ರ ಜನವರಿಯಲ್ಲಿ ಮೆಟ್ರೋ ರೈಲೂ ಬಂದಿತು. ಹೊಲ ಹೋದರೂ ಮನುಷ್ಯನಿಗೆ ಹಸಿರಿನ ಹಂಬಲ ಹೋಗುವುದಿಲ್ಲ. ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸು ಇರಬೇಕು, ಸಂಜೆ ಮಕ್ಕಳು ಅಲ್ಲಿ ಹೊರಳಾಡಬೇಕು, ಹಿರಿಯರು ಬರಿಗಾಲಿನಲ್ಲಿ ನಡೆದಾಡಬೇಕು ಎಂದು ಎಲ್ಲರಿಗೂ ಆಸೆ. ಆದರೆ ಮಳೆ ಹಿಡಿಯಿತೆಂದರೆ ಹುಲ್ಲು ಯಾರ ಮಾತನ್ನೂ ಕೇಳುವುದಿಲ್ಲ. ಸಣ್ಣ ಅಂಗಳವಾದರೆ ತಳ್ಳುವ ಯಂತ್ರ ಸಾಕು. ಎಕರೆಗಟ್ಟಲೆ ಹಾಸಿದ್ದರೆ, ಮೇಲೆ ಕುಳಿತು ನಡೆಸುವ ಗಾಡಿಯೇ ಬೇಕಾಗುತ್ತದೆ. ಗಾಲ್ಫ್ ಮೈದಾನಗಳಲ್ಲಿ ಕಾಣುವ ಈ ಗಾಡಿ ಈಗ ದೊಡ್ಡ ವಸತಿಗಳ ಅಂಗಳಕ್ಕೂ ಕಾಲಿಡತೊಡಗಿದೆ.

ರೇಷ್ಮೆಯ ಊರಿಗೂ ಈ ಯಂತ್ರಕ್ಕೂ ಒಂದು ದೂರದ ನಂಟಿದೆ. ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆಯ ಗಿರಣಿಯ ನೆರಳಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಪ್ರಾಂತದಲ್ಲಿ ಉಣ್ಣೆಯ ಬಟ್ಟೆಯ ಮೇಲೆದ್ದ ನವಿರಾದ ಎಳೆಗಳನ್ನು ಸಮನಾಗಿ ಕತ್ತರಿಸುವ ಯಂತ್ರವಿತ್ತು. ಅದನ್ನು ಕಂಡ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಿ, ಬಟ್ಟೆಗೆ ಒಪ್ಪಿದ್ದು ಹುಲ್ಲಿಗೇಕೆ ಒಪ್ಪಬಾರದೆಂದು ಯೋಚಿಸಿ 1830ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಮನುಷ್ಯನೋ ಕುದುರೆಯೋ ಎಳೆಯುತ್ತಿದ್ದ ಆ ಯಂತ್ರಕ್ಕೆ ಪೆಟ್ರೋಲ್ ಎಂಜಿನು ಜೋಡಿಸಿ ಮಾರುಕಟ್ಟೆಗೆ ತಂದದ್ದು ರಾನ್ಸಮ್ಸ್ ಕಂಪನಿ, 1902ರಲ್ಲಿ. ಅಂದಿನಿಂದ ಹುಲ್ಲುಗತ್ತರಿಗೆ ಹೃದಯವೊಂದು ಬಂದಿತು; ಹೃದಯ ಬಂದ ಮೇಲೆ ಹೃದಯದ ಬೇನೆಯೂ ಬಂದಿತು.

ಈ ಬೇನೆಗೆ ಮೊದಲ ಕಾರಣ ಧೂಳು. ಬೆಂಗಳೂರಿನ ಕೆಂಪು ಮಣ್ಣಿನ ನುಣುಪು ಹುಡಿ ಬೇಸಗೆಯಲ್ಲಿ ಎಲ್ಲೆಲ್ಲಿಯೂ ಹಾರಾಡುತ್ತದೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿದ್ದರಂತೂ ಕೇಳುವುದೇ ಬೇಡ. ಎಂಜಿನು ಉಸಿರಾಡುವ ಗಾಳಿಯನ್ನು ಸೋಸಲು ಕಾಗದದ ಏರ್ ಫಿಲ್ಟರ್ ಇರುತ್ತದೆ. ಅದು ಹರಿದರೆ, ಇಲ್ಲವೆ ಅಂಚಿನಲ್ಲಿ ಸರಿಯಾಗಿ ಕೂರದಿದ್ದರೆ, ಮರಳಿನ ಕಣಗಳು ಸಿಲಿಂಡರಿನೊಳಕ್ಕೆ ನುಸುಳಿ ಪಿಸ್ಟನ್ನಿನ ರಿಂಗುಗಳನ್ನು ಸಾಣೆಕಲ್ಲಿನಂತೆ ಉಜ್ಜಿಹಾಕುತ್ತವೆ. ಎರಡನೆಯ ಕಾರಣ ತಾಪ. ಈ ಎಂಜಿನುಗಳನ್ನು ತಂಪಾಗಿಡುವುದು ನೀರಲ್ಲ, ಗಾಳಿ. ಫ್ಲೈವ್ಹೀಲಿನ ರೆಕ್ಕೆಗಳು ಬೀಸುವ ಗಾಳಿ ಸಿಲಿಂಡರಿನ ಮೈಮೇಲಿನ ಪದರಗಳ ನಡುವೆ ಹರಿಯಬೇಕು. ಒಣಹುಲ್ಲಿನ ಚೂರು ಆ ಸಂದುಗಳಲ್ಲಿ ತುಂಬಿಕೊಂಡರೆ ಎಂಜಿನು ಒಳಗೊಳಗೇ ಬೇಯುತ್ತದೆ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ದುಡಿಯಬೇಕಾದ ಎಂಜಿನು ಒಂದೆರಡು ಬೇಸಗೆಯಲ್ಲಿ ಮುದಿಯಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಇಂಥ ಗಾಡಿಯೊಂದು ನಿಂತುಹೋದಾಗ ಸಮುಚ್ಚಯದ ಸಮಿತಿಯ ಸಭೆ ಹೇಗೆ ನಡೆದೀತೆಂದು ಓದುಗರು ಸುಲಭವಾಗಿ ಊಹಿಸಬಹುದು. ಒಬ್ಬ ಸದಸ್ಯರು ಗಾಡಿಯನ್ನು ಗುಜರಿಗೆ ಹಾಕಿ ಹೊಸದನ್ನು ತರೋಣವೆನ್ನುತ್ತಾರೆ. ಇನ್ನೊಬ್ಬರು ಹಳೆಯದನ್ನೇ ರಿಪೇರಿ ಮಾಡಿಸೋಣವೆಂದು ಹಟ ಹಿಡಿಯುತ್ತಾರೆ. ಖಜಾಂಚಿಗಳು ಎರಡಕ್ಕೂ ತಲೆಯಾಡಿಸದೆ ಲೆಕ್ಕದ ಪುಸ್ತಕ ಮುಚ್ಚುತ್ತಾರೆ. ದಿನವೂ ಆ ಗಾಡಿಯ ಮೇಲೆ ಕುಳಿತು ದುಡಿಯುವ ಮಾಲಿ ಬಾಗಿಲ ಬಳಿ ನಿಂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ, “ಸಾರ್, ಹೋದ ಯುಗಾದಿಯಿಂದಲೇ ನೀಲಿ ಹೊಗೆ ಬರ್ತಿತ್ತು. ವಾರ ವಾರ ಎಣ್ಣೆ ಕಮ್ಮಿಯಾಗ್ತಿತ್ತು. ಹೇಳೋಣ ಅಂದ್ಕೊಂಡೆ, ನನ್ನ ಮೇಲೇ ಬರುತ್ತೇನೋ ಅಂತ ಸುಮ್ಮನಾದೆ” ಎಂದಾನು. ಎಂಜಿನಿನ ರೋಗಕ್ಕಿಂತ ಈ ಮೌನ ದೊಡ್ಡ ರೋಗ. ಎಣ್ಣೆ ಕಡಮೆಯಾದುದನ್ನು ಹೇಳಿದವನಿಗೆ ಬೈಗುಳ ಕಾದಿದೆಯೆಂದರೆ, ಎಣ್ಣೆ ಪೂರಾ ಬತ್ತುವವರೆಗೆ ಸುದ್ದಿ ಹೊರಬೀಳುವುದಿಲ್ಲ.

ಎಂಜಿನು ಸತ್ತಿತೆಂದು ತೀರ್ಮಾನಿಸುವ ಮುನ್ನ ನಾಡಿ ಹಿಡಿದು ನೋಡಬೇಕು. ನೀಲಿ ಹೊಗೆ ಬಂದ ಮಾತ್ರಕ್ಕೆ ರಿಂಗು ಸವೆದಿದೆಯೆಂದು ಹೇಳಲಾಗದು. ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಒಂದೆಡೆ ಒಡೆದರೂ ಹೊಗೆ ಬರುತ್ತದೆ. ಅದಕ್ಕಾಗುವ ವೆಚ್ಚ ಹೊಸ ಎಂಜಿನಿನ ಬೆಲೆಯ ಮುಂದೆ ಏನೇನೂ ಅಲ್ಲ. ಒತ್ತಡ ಅಳೆಯುವ ಗೇಜನ್ನು ಮಾತ್ರ ನಂಬಿದರೂ ಮೋಸವಾದೀತು. ಚಾಲೂ ಮಾಡುವುದು ಸುಲಭವಾಗಲೆಂದು ಹಲವು ಎಂಜಿನುಗಳಲ್ಲಿ ಒತ್ತಡವನ್ನು ತಾನಾಗಿಯೇ ಸಡಿಲಿಸುವ ವ್ಯವಸ್ಥೆಯಿರುವುದರಿಂದ ಗೇಜು ಕಡಮೆಯನ್ನೇ ತೋರಿಸುತ್ತದೆ. ಇದಕ್ಕಿಂತ ನೆಚ್ಚಬಹುದಾದ ಪರೀಕ್ಷೆ ಬೇರೊಂದಿದೆ. ಎರಡು ವಾಲ್ವುಗಳೂ ಮುಚ್ಚಿರುವಾಗ, ಪಿಸ್ಟನ್ನು ಮೇಲ್ತುದಿಯಲ್ಲಿರುವಂತೆ ಷಾಫ್ಟನ್ನು ಭದ್ರವಾಗಿ ಹಿಡಿದು, ಪ್ಲಗ್ಗಿನ ರಂಧ್ರದಿಂದ ಒಳಕ್ಕೆ ಗಾಳಿಯೂಡಿ ಕಿವಿಗೊಟ್ಟು ಕೇಳಬೇಕು. ಎಣ್ಣೆ ಹಾಕುವ ಬಾಯಿಯಲ್ಲಿ ಗಾಳಿ ಸುಯ್ಯೆಂದರೆ ರಿಂಗು ಸವೆದಿರಬಹುದು. ಸೈಲೆನ್ಸರಿನಲ್ಲಿ ಸದ್ದಾದರೆ ಹೊಗೆ ಹೊರಡುವ ವಾಲ್ವು, ಕಾರ್ಬುರೇಟರಿನಲ್ಲಿ ಸದ್ದಾದರೆ ಗಾಳಿ ಬರುವ ವಾಲ್ವು ಸೋರುತ್ತಿದೆ. ಬಲ್ಲ ಮೆಕ್ಯಾನಿಕ್ಕನ ಕಿವಿ ವೈದ್ಯರ ಸ್ಟೆತಸ್ಕೋಪಿನಷ್ಟೇ ಬೆಲೆಯುಳ್ಳದ್ದು.

ರಿಂಗು ಸವೆದು ಸಿಲಿಂಡರಿನ ಗೋಡೆಯಲ್ಲಿ ಗೀರುಗಳೂ ಬಿದ್ದಿದ್ದರೆ ಆಗ ಮೂರು ದಾರಿಗಳಿವೆ. ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಲೇತ್ ಕೆಲಸದವರನ್ನೂ ಬಲ್ಲವರು ಸಿಲಿಂಡರನ್ನು ಕೊರೆಯಿಸಿ ದೊಡ್ಡ ಪಿಸ್ಟನ್ನು ಹಾಕಿಸಲು ಹೊರಡುತ್ತಾರೆ. ಸ್ಕೂಟರು ಮೋಟಾರುಗಳಿಗೆ ಇದು ಒಪ್ಪುವ ದಾರಿ. ಹುಲ್ಲಿನ ಗಾಡಿಯ ಎಂಜಿನಿಗಾದರೋ ತಕ್ಕ ಅಳತೆಯ ಪಿಸ್ಟನ್ನು ಇಲ್ಲಿ ಸುಲಭವಾಗಿ ಸಿಗದು. ಸಿಕ್ಕರೂ ಬೇರಿಂಗು, ವಾಲ್ವುಗಳ ಖರ್ಚನ್ನೆಲ್ಲ ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರವಾದೀತು. ಗಾಡಿಯ ಚೌಕಟ್ಟು ತುಕ್ಕು ಹಿಡಿದು, ಗೇರುಪೆಟ್ಟಿಗೆಯೂ ಕೈಕೊಟ್ಟಿದ್ದರೆ ಇಡೀ ಗಾಡಿಯನ್ನು ಬದಲಿಸುವುದೇ ವಿವೇಕ. ಚೌಕಟ್ಟು, ಗೇರು, ಅಲಗುಗಳಿರುವ ತಟ್ಟೆ ಇವು ಮೂರೂ ಗಟ್ಟಿಯಾಗಿದ್ದರೆ ಮಾತ್ರ ಎಂಜಿನನ್ನಷ್ಟೇ ಬದಲಿಸುವ ನಡುದಾರಿ ಲಾಭದ್ದು.

ಆದರೆ ಎಲ್ಲ ಎಂಜಿನುಗಳೂ ಎಲ್ಲ ಗಾಡಿಗೂ ಒಗ್ಗುವುದಿಲ್ಲ. ನಮ್ಮ ಕಡೆ ಪಂಪುಸೆಟ್ಟಿಗೂ ಜನರೇಟರಿಗೂ ಬಳಸುವ ಸಣ್ಣ ಪೆಟ್ರೋಲ್ ಎಂಜಿನುಗಳ ಷಾಫ್ಟು ಸಾಮಾನ್ಯವಾಗಿ ಅಡ್ಡಡ್ಡಲಾಗಿ ಹೊರಚಾಚಿರುತ್ತದೆ. ಕುಳಿತು ನಡೆಸುವ ಸಾಮಾನ್ಯ ಹುಲ್ಲುಗಾಡಿಯ ಷಾಫ್ಟಾದರೋ ನೇರವಾಗಿ ನೆಲದತ್ತ ಇಳಿದಿರುತ್ತದೆ. ಅದರ ತುದಿಯ ರಾಟೆಯಿಂದ ಒಂದು ಬೆಲ್ಟು ಚಕ್ರಗಳ ಗೇರಿಗೂ, ವಿದ್ಯುತ್ ಕ್ಲಚ್ಚಿನ ಮೂಲಕ ಇನ್ನೊಂದು ಬೆಲ್ಟು ಅಲಗುಗಳಿಗೂ ಹೋಗುತ್ತದೆ. ಆದುದರಿಂದ ಅಗ್ಗವೆಂದು ಪಂಪಿನ ಎಂಜಿನು ತಂದರೆ ಅದನ್ನು ನೋಡಿಕೊಂಡು ಕೂರಬೇಕಾದೀತೇ ಹೊರತು ಗಾಡಿ ಓಡದು. ಷಾಫ್ಟಿನ ದಪ್ಪ, ಉದ್ದ, ಅದರ ಕೀಲಿಯ ಗಾಡಿ, ತುದಿಯ ತಿರುಪಿನ ಎಳೆ, ಬೋಲ್ಟುಗಳ ನಡುವಣ ಅಂತರ, ಸೈಲೆನ್ಸರು ಹೊರಡುವ ದಿಕ್ಕು ಎಲ್ಲವನ್ನೂ ಅಳೆದು ಬರೆದುಕೊಳ್ಳಬೇಕು. ಷಾಫ್ಟಿನ ದಪ್ಪ ಬಹುಮಟ್ಟಿಗೆ ಒಂದು ಅಂಗುಲ, ಎಂದರೆ 25.4 ಮಿಲಿಮೀಟರು; ಆದರೂ ಅಳೆಯದೆ ನಂಬಬಾರದು.

ಶಕ್ತಿಯ ಲೆಕ್ಕದಲ್ಲಿ ಬೆಂಗಳೂರಿನವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಪ್ರತಿ ಸಾವಿರ ಅಡಿಗೆ ಇಂಥ ಎಂಜಿನಿನ ಶಕ್ತಿ ಸುಮಾರು ಶೇಕಡ ಮೂರೂವರೆಯಷ್ಟು ಕುಗ್ಗುತ್ತದೆ. ನಮ್ಮ ನಗರ ಸುಮಾರು 900 ಮೀಟರು, ಎಂದರೆ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಹೊದಿಕೆಯ ಮೇಲೆ 20 ಅಶ್ವಶಕ್ತಿಯೆಂದು ಅಚ್ಚಾಗಿದ್ದ ಎಂಜಿನು ಇಲ್ಲಿ 18ರಷ್ಟು ಕೊಟ್ಟರೆ ಅದೇ ದೊಡ್ಡದು. ಹಳೆಯದಕ್ಕಿಂತ ಚಿಕ್ಕ ಎಂಜಿನು ಕೊಂಡು ಹಣ ಉಳಿಸುವ ಮುನ್ನ ಇದನ್ನು ನೆನೆಯಬೇಕು.

ಜೋಡಣೆಯ ಕೆಲಸ ಅವಸರದ್ದಲ್ಲ. ಮೊದಲು ಬ್ಯಾಟರಿಯ ಋಣ ತುದಿಯನ್ನೂ ಪ್ಲಗ್ಗಿನ ತಂತಿಯನ್ನೂ ಬಿಡಿಸಬೇಕು, ಪೆಟ್ರೋಲನ್ನು ಬಸಿದಿಡಬೇಕು. ಒಂದೊಂದು ತಂತಿಗೂ ಚೀಟಿ ಕಟ್ಟಿ, ಬಿಚ್ಚುವ ಮೊದಲೇ ಚಿತ್ರ ತೆಗೆದಿಟ್ಟುಕೊಂಡರೆ ಸಂಜೆ ತಲೆ ಕೆರೆದುಕೊಳ್ಳುವ ಪ್ರಮೇಯ ಬಾರದು. ತುಕ್ಕು ಹಿಡಿದು ಷಾಫ್ಟಿಗೆ ಅಂಟಿದ ಕ್ಲಚ್ಚನ್ನು ಸುತ್ತಿಗೆಯಿಂದ ಬಡಿಯಬಾರದು. ಎಣ್ಣೆ ಬಿಟ್ಟು, ರಾತ್ರಿ ಕಳೆದು, ಎಳೆಗಾರದಿಂದ ಮೆಲ್ಲಗೆ ಬಿಡಿಸಬೇಕು. ಎಂಜಿನನ್ನು ಒಬ್ಬರೇ ಎತ್ತುವ ಶೌರ್ಯವೂ ಬೇಡ. ಕೂರಿಸಿದ ಮೇಲೆ ಕ್ಲಚ್ಚು ತಾನೂ ತಿರುಗದಂತೆ ತಡೆಯುವ ಪಟ್ಟಿಯನ್ನು ಮರಳಿ ಅದರ ಜಾಗಕ್ಕೆ ಸೇರಿಸಬೇಕು. ಇಲ್ಲದಿದ್ದರೆ ಅದರ ತಂತಿ ಮೊದಲ ಸುತ್ತಿಗೇ ಕಿತ್ತುಹೋಗುತ್ತದೆ.

ತಂತಿಗಳ ವಿಷಯಕ್ಕೆ ಬಂದರೆ ಕೆಲಸದ ಅತ್ಯಂತ ಗಂಭೀರವಾದ ಭಾಗಕ್ಕೆ ಬಂದಂತೆ. ಎಂಜಿನನ್ನು ನಿಲ್ಲಿಸುವ ತಂತಿ ಮೈಗೆ ತಾಗಿದಾಗ ಕಿಡಿ ನಿಲ್ಲುತ್ತದೆ. ತಪ್ಪಿ ಅದಕ್ಕೆ ಬ್ಯಾಟರಿಯ 12 ವೋಲ್ಟು ಕೊಟ್ಟರೆ ಕಿಡಿಯ ಕಾಯಿಲು ಸುಟ್ಟೀತು. ಅದು ಹಣದ ನಷ್ಟ, ಮುಂದಿನದು ಹಾಗಲ್ಲ. ಗಾಡಿಯ ಆಸನದ ಕೆಳಗೊಂದು ಸ್ವಿಚ್ಚಿದೆ. ಅಲಗುಗಳು ತಿರುಗುತ್ತಿರುವಾಗ ಚಾಲಕ ಎದ್ದರೆ ಎಂಜಿನು ತಾನಾಗಿಯೇ ನಿಲ್ಲುವಂತೆ ಅದು ಕಾವಲಿರುತ್ತದೆ. ಹೊಸ ಎಂಜಿನಿನ ತಂತಿಗಳು ಹಳೆಯದಕ್ಕೆ ಹೊಂದದಿದ್ದಾಗ, “ಆ ಸ್ವಿಚ್ಚೇ ತೊಂದರೆ, ತಂತಿ ಸೇರಿಸಿ ಕಟ್ಟಿಬಿಡಿ” ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಅಮೆರಿಕದ ಮಾನದಂಡದಂತೆ ಅಲಗಿನ ತುದಿಯ ವೇಗದ ಮಿತಿ ಸೆಕೆಂಡಿಗೆ ಸುಮಾರು 96 ಮೀಟರು. ಕಾಲು ಸೆಕೆಂಡಿನಲ್ಲಿ ಬಾಳು ಬದಲಾಗುವ ವೇಗ ಅದು. ಸಿಕ್ಕಿಕೊಂಡ ಕೊಂಬೆಯನ್ನು ತೆಗೆಯಲು ಕೆಳಗಿಳಿಯುವವನು ಸಮಿತಿಯ ಸದಸ್ಯನಲ್ಲ, ಮಾಲಿ. ಅವನ ಕಾಲಿಗೂ ಆ ಅಲಗಿಗೂ ನಡುವೆ ಇರುವುದು ಆ ಸಣ್ಣ ಸ್ವಿಚ್ಚು. ಅದು ಕೆಲಸ ಮಾಡುವವರೆಗೆ ಗಾಡಿಯನ್ನು ಹುಲ್ಲಿಗೆ ಇಳಿಸಬಾರದು. ವೇಗ ಸಾಲದೆಂದು ಗವರ್ನರನ್ನು ತಿರುಚುವುದೂ ಅಷ್ಟೇ ಅಪಾಯ. ಆ ಅಲಗು ಎಗರಿಸಿದ ಕಲ್ಲು ಆಡುವ ಮಕ್ಕಳತ್ತ ಹಾರೀತು.

ಪೆಟ್ಟಿಗೆಯಿಂದ ತೆಗೆದ ಹೊಸ ಎಂಜಿನಿನಲ್ಲಿ ಬಹುಶಃ ಎಣ್ಣೆಯೇ ಇರುವುದಿಲ್ಲ. ಅದನ್ನು ಮರೆತು ಚಾಲೂ ಮಾಡಿದರೆ ಹೊಸದು ನಿಮಿಷಗಳಲ್ಲಿಯೇ ಹಳೆಯದಾಗುತ್ತದೆ. ಮೊದಲ ಐದರಿಂದ ಎಂಟು ಗಂಟೆಗಳ ದುಡಿಮೆಯ ನಂತರ ಎಣ್ಣೆಯನ್ನು ಬದಲಿಸುವುದು ವಾಡಿಕೆ. ಹೊಸ ಲೋಹಗಳು ಒಂದಕ್ಕೊಂದು ಒಗ್ಗುವಾಗ ಉದುರಿದ ಹುಡಿ ಅದರೊಡನೆ ಹೊರಹೋಗುತ್ತದೆ. ಇನ್ನು ಪೆಟ್ರೋಲು. 2025ರ ವೇಳೆಗೆ ನಮ್ಮ ದೇಶದ ಬಂಕುಗಳಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಹಲವು ಸಣ್ಣ ಎಂಜಿನುಗಳ ಕೈಪಿಡಿಯಾದರೋ ಶೇಕಡ 10ಕ್ಕಿಂತ ಹೆಚ್ಚು ಬೇಡವೆನ್ನುತ್ತದೆ. ಆದುದರಿಂದ ಕೊಳ್ಳುವ ಮುನ್ನವೇ ಈ ಪೆಟ್ರೋಲು ಆಗುತ್ತದೆಯೇ ಎಂಬುದಕ್ಕೆ ಮಾರುವವರಿಂದ ಬರಹದಲ್ಲಿ ಉತ್ತರ ಪಡೆಯುವುದು ಮೇಲು. ಎಥನಾಲು ಗಾಳಿಯ ತೇವವನ್ನು ಹೀರುವುದರಿಂದ, ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕನ್ನು ಬರಿದು ಮಾಡಿಡಬೇಕು.

ಇಷ್ಟೆಲ್ಲ ವೆಚ್ಚ ಮಾಡಿದ ಸಮಿತಿ ಇನ್ನೊಂದು ಅಲ್ಪ ವೆಚ್ಚವನ್ನೂ ಮಾಡುವುದು ಒಳ್ಳೆಯದು. ಒಂದು ನೋಟುಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಗಾಡಿಯ ಕೋಣೆಯಲ್ಲಿ ತೂಗುಹಾಕಬೇಕು. ದಿನವೂ ಎಷ್ಟು ಗಂಟೆ ಓಡಿತು, ಎಷ್ಟು ಎಣ್ಣೆ ಹಾಕಿದರು, ಫಿಲ್ಟರನ್ನು ಎಂದು ಬದಲಿಸಿದರು ಎಂಬುದನ್ನು ಮಾಲಿಯೇ ಬರೆಯಲಿ. ಬರೆಯಲು ಬಾರದಿದ್ದರೆ ಸಂಜೆ ಆಡಲು ಬರುವ ಮಕ್ಕಳಲ್ಲೊಬ್ಬರು ಅವನು ಹೇಳಿದ್ದನ್ನು ಬರೆದುಕೊಡಲಿ. ವಾರಕ್ಕೊಂದು ಗಂಟೆ ಹುಲ್ಲು ಕತ್ತರಿಸದೆ ಗಾಡಿಯನ್ನು ಒರೆಸುವುದಕ್ಕೂ ಅವನಿಗೆ ಸಂಬಳವಿರಲಿ. ತಿಂಗಳ ಸಭೆಯಲ್ಲಿ ಆ ಪುಸ್ತಕವನ್ನು ಓದುವಾಗ ಅವನಿಗೊಂದು ಕುರ್ಚಿ ಹಾಕಿ, “ಏನಪ್ಪ, ಗಾಡಿ ಹೇಗಿದೆ?” ಎಂದು ಕೇಳಲಿ. ಹಾಗೆ ಕೇಳುವ ಸಮಿತಿಯ ಗಾಡಿ ಬಹುಕಾಲ ಓಡುತ್ತದೆ.