ಗೋಡೆಯ ಮೇಲಿನ ವೈಫೈ ಪಾಸ್‌ವರ್ಡ್

ನಿರ್ಣಾದಲ್ಲಿ ಸಂಜೆ ಮದ್ರಸ ಬಿಟ್ಟರೆ ಮಕ್ಕಳು ನೇರ ಮನೆಗೆ ಹೋಗುವುದಿಲ್ಲ. ದಾರಿಯಲ್ಲೊಂದು ಬೇಕರಿ ಉಂಟು, ಅದರ ಮೆಟ್ಟಿಲ ಮೇಲೆ ಕೂರುತ್ತಾರೆ. ಬನ್ನಿಗಾಗಿ ಅಲ್ಲ, ವೈಫೈಗಾಗಿ. ಬೇಕರಿ ನಮ್ಮ ಕಡೆಯ ಕಾಕರದ್ದು. ಬಂಟ್ವಾಳ ತಾಲೂಕಿನಿಂದ ಬಂದು ಹುಮನಾಬಾದ್ ಸುತ್ತಲೇ ಅರ್ಧ ಆಯುಷ್ಯ ಕಳೆದವರು. ಗಲ್ಲಾ ಪೆಟ್ಟಿಗೆಯ ಹಿಂದಿನ ಗೋಡೆಗೆ ಒಂದು ರಟ್ಟು ತೂಗು ಹಾಕಿದ್ದರು. ಮೇಲೆ ‘ವೈಫೈ ಉಚಿತ’, ಕೆಳಗೆ ಪಾಸ್‌ವರ್ಡ್: ಅಂಗಡಿಯ ಹೆಸರು, ಅದರ ಮುಂದೆ 123. ದಾರಿಹೋಕರಿಗೆ ನೀರಿನ ಮಡಕೆ ಇಟ್ಟ ಹಾಗೆ ಇದು ಎಂದು ಕಾಕ ಹೇಳುತ್ತಿದ್ದರು. ನಮಗೂ ಆಗ ಅದು ಸರಿ ಎಂದೇ ಕಂಡಿತ್ತು.

ಕಳೆದ ಮಳೆಗಾಲದಲ್ಲಿ ಒಂದು ದಿನ ಕಾಕರಿಗೆ ಠಾಣೆಯಿಂದ ಫೋನ್ ಬಂತು. ಯಾರೋ ಒಬ್ಬ ಹೆಣ್ಣುಮಗಳ ಫೋಟೊ ಹಾಕಿ ನಕಲಿ ಖಾತೆ ತೆರೆದು ಹೊಲಸು ಬರೆದಿದ್ದರು. ಅದು ಎಲ್ಲಿಂದ ಹೋಯಿತು ಎಂದು ಹುಡುಕಿದರೆ ಸಿಕ್ಕಿದ್ದು ಕಾಕರ ಹೆಸರು, ಬೇಕರಿಯ ವಿಳಾಸ. ಕಾಕರಿಗೆ ಫೇಸ್‌ಬುಕ್ ತೆರೆಯಲಿಕ್ಕೇ ಬರುವುದಿಲ್ಲ. ‘ಉಸ್ತಾದರೇ, ನೀವೂ ಬನ್ನಿ’ ಎಂದು ನಮ್ಮನ್ನು ಜೊತೆಗೆ ಕರಕೊಂಡು ಹೋದರು. ಠಾಣೆಯವರು ಗದರಿಸಲಿಲ್ಲ. ಕೇಳಿದ್ದು ಒಂದೇ ಮಾತು: ‘ಕನೆಕ್ಷನ್ ನಿಮ್ ಹೆಸರಿಲೆ ಅದ. ಯಾರ್ಯಾರು ಉಪಯೋಗ ಮಾಡ್ತಾರ, ಹೇಳ್ರಿ.’ ಕಾಕರ ಬಳಿ ಉತ್ತರ ಇರಲಿಲ್ಲ. ಊರಿಗೆ ಊರೇ ಉಪಯೋಗಿಸುತ್ತಿತ್ತಲ್ಲ! ಮೂರು ದಿನ ಅಂಗಡಿ ಅರ್ಧ ಬಾಗಿಲು. ಕೊನೆಗೆ ಬೇರೆ ಯಾವುದೋ ದಾರಿಯಲ್ಲಿ ಆಳು ಸಿಕ್ಕಿದ. ದಿನಾ ಚಹಾ ಕುಡಿಯಲು ಬರುತ್ತಿದ್ದವನೇ. ಆದರೆ ‘ಬೇಕರಿ ಸಾಹೇಬ್ರನ್ನ ಪೊಲೀಸ್ರು ಕರ್ಸಿದ್ರಂತ’ ಎಂಬ ಮಾತು ಎದ್ದಿತ್ತಲ್ಲ, ಅದು ಇಳಿಯಲು ಮೂರು ತಿಂಗಳು ಹಿಡಿಯಿತು.

ಇದನ್ನು ಇಲ್ಲಿ ಬರೆಯಲು ಕಾರಣ ಉಂಟು. ನಮ್ಮವರ ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ, ಮೊಬೈಲ್ ಅಂಗಡಿ ಇಲ್ಲದ ಪೇಟೆ ಕರ್ನಾಟಕದಲ್ಲಿ ಕಡಿಮೆ. ಬಹುತೇಕ ಎಲ್ಲ ಕಡೆಯೂ ಈಗ ಒಂದು ವೈಫೈ ಪೆಟ್ಟಿಗೆ ಮಿಣುಕುತ್ತಿರುತ್ತದೆ. ಅದರ ಬಗ್ಗೆ ಕೇಳಿದರೆ ‘ಅದೆಲ್ಲ ಹುಡುಗರಿಗೆ ಗೊತ್ತು’ ಎನ್ನುತ್ತಾರೆ. ಅಂಗಡಿಯ ಬೀಗದ ಕೈಯನ್ನು ಯಾರೂ ಹಾಗೆ ಹುಡುಗರ ಕೈಗೆ ಬಿಡುವುದಿಲ್ಲ.

ವಿಷಯ ಇಷ್ಟೇ. ಒಳಗೆ ಹತ್ತು ಮೊಬೈಲ್ ಇರಲಿ, ಐವತ್ತು ಇರಲಿ, ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. ಆ ವಿಳಾಸ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಕಂಪನಿಯವರು ಬಿಲ್ ಕಟ್ಟುವವನ ಹೆಸರು ಕೊಡುತ್ತಾರೆ. ಗೋಡೆ ದಾಟಿ ರಸ್ತೆಗೂ ಸಿಗ್ನಲ್ ಹೋಗುವುದರಿಂದ ಬಳಸಿದವನು ಅಂಗಡಿಯೊಳಗೆ ಕಾಲಿಟ್ಟಿರಬೇಕೆಂದೂ ಇಲ್ಲ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸ್ಫೋಟಗಳಾದವು. ಅದರ ಹೊಣೆ ಹೊತ್ತುಕೊಂಡ ಇಮೇಲ್ ಹೋದದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನನ ವೈಫೈಯಿಂದ. ಪೊಲೀಸರು ಹೋಗಿ ಬಾಗಿಲು ತಟ್ಟಿದ್ದು ಅವನ ಮನೆಯದ್ದು. ಭದ್ರವಿಲ್ಲದ ಅವನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಅವನ ಕಂಪ್ಯೂಟರ್ ಜಪ್ತಾಯಿತು, ವಿಚಾರಣೆಯಾಯಿತು, ದೇಶವೆಲ್ಲ ಹೆಸರು ಹರಡಿತು. ಆರೋಪ ಮಾತ್ರ ಅವನ ಮೇಲೆ ಬರಲಿಲ್ಲ. ಆಮೇಲೆ 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು: ಯಾರು ಬಳಸುತ್ತಿದ್ದಾರೆಂದು ಗೊತ್ತಿಲ್ಲದ ವೈಫೈ ಇರಕೂಡದು. ಅವನಿಗೆ ಸಿಕ್ಕಷ್ಟು ಸಲೀಸಾಗಿ ನಮ್ಮ ಹೆಸರಿನವರಿಗೂ ಬಿಡುಗಡೆ ಸಿಗುತ್ತದೆ ಎಂದು ನಂಬಿ ಕೂರುವ ಧೈರ್ಯ ನಮಗಂತೂ ಇಲ್ಲ. ಓದುಗರಿಗೂ ಇರಲಿಕ್ಕಿಲ್ಲ.

ಕಾಕರ ಪೆಟ್ಟಿಗೆಯನ್ನು ಸರಿ ಮಾಡಲು ನಾವು ಮತ್ತು ಹುಮನಾಬಾದಿನಲ್ಲಿ ಡಿಪ್ಲೊಮಾ ಓದಿದ ಒಬ್ಬ ಹಳೇ ಶಿಷ್ಯ ಕೂತೆವು. ಆಗಲೇ ನಮಗೆ ಗೊತ್ತಾದದ್ದು, ಈ ಪೆಟ್ಟಿಗೆಗೆ ಪಾಸ್‌ವರ್ಡ್ ಒಂದಲ್ಲ, ಎರಡು. ಒಂದು ವೈಫೈ ಸೇರಲಿಕ್ಕೆ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಪೆಟ್ಟಿಗೆಯ ಒಳಗೇ ಹೋಗಿ ಸೆಟ್ಟಿಂಗ್ ಬದಲಿಸಲಿಕ್ಕೆ. ಈ ಎರಡನೆಯದನ್ನು ಹಾಕಿ ಹೋದವನು ಹೇಗೆ ಬಿಟ್ಟಿದ್ದನೋ ಹಾಗೇ ಇತ್ತು: ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಅಂದರೆ ಮೆಟ್ಟಿಲ ಮೇಲೆ ಕೂತ ಯಾವ ಹುಡುಗನೂ ಮನಸ್ಸು ಮಾಡಿದ್ದರೆ ಕಾಕರನ್ನೇ ಹೊರಗಿಟ್ಟು ಪೆಟ್ಟಿಗೆಯ ಯಜಮಾನ ಆಗಬಹುದಿತ್ತು. ಬ್ಯಾಂಕಿನ ಹೆಸರು ಒತ್ತಿದರೆ ನಕಲಿ ಪುಟಕ್ಕೆ ಹೋಗುವ ಹಾಗೆ ಮಾಡಲಿಕ್ಕೂ ಪ್ರಯತ್ನ ಮಾಡಬಹುದಿತ್ತು.

ಇದು ನಮ್ಮ ಅತಿ ಹೆದರಿಕೆ ಅಲ್ಲ. 2017ರ ಜುಲೈ ಕೊನೆಯಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಸಾವಿರಾರು ಮೋಡೆಮ್‌ಗಳು ಕೆಟ್ಟ ತಂತ್ರಾಂಶವೊಂದರ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಸಿಕ್ಕಿದ್ದು ಮುಖ್ಯವಾಗಿ ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಹಾಗೇ ಇಟ್ಟುಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಬೇಕಾಯಿತು. ಅದರ ಹಿಂದಿನ ವರ್ಷ ಮಿರಾಯ್ ಎಂಬ ಹೆಸರಿನದ್ದು ಜಗತ್ತಿನ ಲಕ್ಷಾಂತರ ಸಿಸಿಟಿವಿ ಮತ್ತು ರೌಟರ್‌ಗಳಿಗೆ ನುಗ್ಗಿದ್ದೂ ಇದೇ ಬಾಗಿಲಿನಿಂದ. ಹಾಗಾಗಿ ‘ಸಣ್ಣ ಅಂಗಡಿ, ನಮ್ಮ ಹತ್ತಿರ ಎಂತ ಕದಿಯಲಿಕ್ಕೆ ಉಂಟು?’ ಎಂಬ ಮಾತಿಗೆ ಅರ್ಥ ಇಲ್ಲ. ಅಂಗಡಿ ದೊಡ್ಡದೋ ಸಣ್ಣದೋ ಎಂದು ಅದು ನೋಡುವುದೇ ಇಲ್ಲ, ಬೀಗ ಹಾಕದ ಬಾಗಿಲು ಹುಡುಕುತ್ತದೆ, ಅಷ್ಟೆ.

ಹಾಗೆಂದು ವಾಟ್ಸಾಪಿನಲ್ಲಿ ಬರುವ ಎಲ್ಲ ಬೆದರಿಕೆಯನ್ನೂ ನಂಬಬೇಕಾಗಿಲ್ಲ. ಬೇರೆಯವರ ವೈಫೈ ಸೇರಿದ ಕೂಡಲೇ ಖಾತೆಯ ಹಣ ಹೋಗುತ್ತದೆ ಎಂಬ ಸುದ್ದಿ ಓಡಾಡುತ್ತಿರುತ್ತದೆ. ಬ್ಯಾಂಕಿನ ಆ್ಯಪ್‌ಗಳು ತಮ್ಮದೇ ಬೀಗ ಹಾಕಿಕೊಂಡು ಮಾತಾಡುತ್ತವೆ, ಗಾಳಿಯಲ್ಲಿ ಹಿಡಿದರೂ ಸುಮ್ಮನೆ ಓದಲಿಕ್ಕೆ ಬರುವುದಿಲ್ಲ. ಅಂಗಡಿಗೆ ಹೆಚ್ಚಿನ ಭಯ ಇರುವುದು ಒಂದೇ ವೈಫೈಗೆ ಗಿರಾಕಿಯ ಮೊಬೈಲು, ಬಿಲ್ಲಿಂಗ್ ಕಂಪ್ಯೂಟರು, ಸಿಸಿಟಿವಿ ಎಲ್ಲವನ್ನೂ ಕಟ್ಟಿ ಹಾಕಿದಾಗ. ಕಾಕರ ಕಂಪ್ಯೂಟರಿನಲ್ಲಿ ಉದ್ರಿ ಲೆಕ್ಕ, ಜಿಎಸ್‌ಟಿ ಕಾಗದ, ಕೆಲಸದವರ ಆಧಾರ್ ಪ್ರತಿ ಎಲ್ಲವೂ ಎಲ್ಲರಿಗೂ ಕಾಣುವ ಫೋಲ್ಡರಿನಲ್ಲಿತ್ತು. ಅದನ್ನು ನೋಡಿದಾಗ ನಮಗೇ ನಾಚಿಕೆಯಾಯಿತು.

ಹೆಚ್ಚಿನ ರೌಟರ್‌ಗಳಲ್ಲಿ ಅತಿಥಿಗಳಿಗೆ ಬೇರೆ ವೈಫೈ ಕೊಡುವ ಸೌಕರ್ಯ ಇರುತ್ತದೆ, ಗೆಸ್ಟ್ ನೆಟ್‌ವರ್ಕ್ ಎಂದು ಅದರ ಹೆಸರು. ಅದನ್ನು ಚಾಲೂ ಮಾಡಿದರೆ ಗಿರಾಕಿಗಳು ಇಂಟರ್ನೆಟ್ಟಿಗೆ ಹೋಗಬಹುದು, ಅಂಗಡಿಯ ಕಂಪ್ಯೂಟರಿನ ಕಡೆ ಇಣುಕಲಾಗುವುದಿಲ್ಲ. ಖರ್ಚು ಏನೂ ಇಲ್ಲ, ಹತ್ತು ನಿಮಿಷದ ಕೆಲಸ. ಜೊತೆಗೆ ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇದೆಯೇ ನೋಡಿಕೊಳ್ಳಬೇಕು, ಹಳೆಯ ಡಬ್ಲ್ಯುಇಪಿ ಇದ್ದರೆ ಅದು ಬೀಗವೇ ಅಲ್ಲ. 2017ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ಸಂಶೋಧಕರು ಡಬ್ಲ್ಯುಪಿಎ2ರಲ್ಲೂ ಒಂದು ಬಿರುಕು ತೋರಿಸಿದರು. ಅಪ್‌ಡೇಟ್ ಹಾಕಿದರೆ ಅದು ಮುಚ್ಚುತ್ತದೆ. ಮೊಬೈಲಿಗೆ ಅಪ್‌ಡೇಟ್ ಹಾಕುವ ನಾವು ರೌಟರಿಗೂ ಅದು ಬೇಕು ಎಂಬುದನ್ನೇ ಮರೆತಿರುತ್ತೇವೆ.

ಕೆಲಸದವರ ವಿಷಯ ಹೇಳುವಾಗ ಸ್ವಲ್ಪ ಮುಜುಗರ. ಒಬ್ಬ ಹುಡುಗ ಕೆಲಸ ಬಿಟ್ಟು ಹೋದರೆ ಬೀಗ ಬದಲಿಸುವವರುಂಟು, ಪಾಸ್‌ವರ್ಡ್ ಬದಲಿಸುವವರಿಲ್ಲ. ಹೋದವನು ಒಳ್ಳೆಯವನೇ ಇರಬಹುದು. ಅವನ ಮೊಬೈಲು ನಾಳೆ ಯಾರ ಕೈಗೆ ಹೋಗುತ್ತದೋ ಅವನಿಗೂ ಗೊತ್ತಿಲ್ಲ. ಇದರಲ್ಲಿ ಅನುಮಾನದ ಪ್ರಶ್ನೆ ಇಲ್ಲ, ಎಲ್ಲರಿಗೂ ಒಂದೇ ನಿಯಮ ಎಂದು ಮೊದಲೇ ಹೇಳಿಬಿಟ್ಟರೆ ಯಾರಿಗೂ ಬೇಸರವಾಗದು.

ಇಷ್ಟಾದರೂ ಠಾಣೆಯವರ ಪ್ರಶ್ನೆ ಹಾಗೇ ಉಳಿಯುತ್ತದೆ. ಅತಿಥಿ ವೈಫೈ ಕೊಟ್ಟರೂ ಹೊರಗೆ ಕಾಣುವ ವಿಳಾಸ ಅಂಗಡಿಯದ್ದೇ. ನಮ್ಮ ಕೆಲವು ಮಿತ್ರರು ‘ಹಾಗಾದರೆ ಬಂದ್ ಮಾಡಿ ಬಿಡಿ ಮಾರಾಯ್ರೇ’ ಎನ್ನುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಪರೀಕ್ಷೆಯ ಫಲಿತಾಂಶ ನೋಡುವ ಮಕ್ಕಳು, ಊರಿಗೆ ಹಣ ಕಳಿಸುವ ಕೂಲಿಯವರು ಅಲ್ಲಿ ಬರುತ್ತಾರೆ. ಹೊರಗಿನ ಜನಕ್ಕೆ ಧಾರಾಳವಾಗಿ ಕೊಡಬೇಕೆನ್ನುವವರಿಗೆ ಕೇಂದ್ರ ಸರಕಾರ 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ ಉಂಟು. ಕಿರಾಣಿ, ಚಹಾ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ಬಳಸುವವನು ಯಾರೆಂಬ ಗುರುತು ಆ್ಯಪಿನಲ್ಲೇ ದಾಖಲಾಗುತ್ತದೆ, ಅಂಗಡಿಯವನ ತಲೆಗೆ ಬರುವುದಿಲ್ಲ. ನಮ್ಮ ವ್ಯಾಪಾರಸ್ಥರ ಸಂಘಟನೆಗಳು ಇದರ ಬಗ್ಗೆ ಒಂದು ದಿನದ ಮಾಹಿತಿ ಶಿಬಿರ ಇಟ್ಟರೆ ಸನ್ಮಾನ ಸಭೆಗಳಿಗಿಂತ ಉಪಕಾರವಾದೀತು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕೆಂಬುದನ್ನೂ ಅಲ್ಲೇ ಹೇಳಬಹುದು.

ಕಾಕ ಸದ್ಯಕ್ಕೆ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಗೋಡೆಯ ರಟ್ಟಿನಲ್ಲಿ ಈಗ ‘ವೈಫೈ ಬೇಕಾದವರು ಕೇಳಿ’ ಎಂದಷ್ಟೇ ಇದೆ. ಕೇಳಿದವರ ಹೆಸರು, ಫೋನ್ ನಂಬರ್, ದಿನಾಂಕ ಹಳೇ ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ನಮ್ಮ ಶಿಷ್ಯ ಬಂದು ಪಾಸ್‌ವರ್ಡ್ ಬದಲಿಸುತ್ತಾನೆ, ಅದಕ್ಕೆ ಅವನಿಗೆ ಒಂದು ಪ್ಯಾಕೆಟ್ ಖಾರಿ ಬಿಸ್ಕತ್ತು. ಮೆಟ್ಟಿಲ ಮೇಲಿನ ಮಕ್ಕಳು ಕೇಳಿದರೆ ಮಾತ್ರ ಹೆಸರು ಬರೆಯುವ ಮೊದಲು ಕಾಕ ಇನ್ನೊಂದು ಪ್ರಶ್ನೆ ಹಾಕುತ್ತಾರೆ: ‘ಇವತ್ತಿನ ಪಾಠ ಹಜರತರಿಗೆ ಒಪ್ಪಿಸಿದ್ದೀಯಾ?’