ಶವಪೆಟ್ಟಿಗೆಯೋ, ಬಟ್ಟೆ ಪೆಟ್ಟಿಗೆಯೋ? ಕಾನ್ವೆಂಟಿನ ‘ರಕ್ತಪಿಶಾಚಿ’ ಕಥೆಯ ಅಸಲಿಯತ್ತು

‘ಜಗತ್ತಿನ ಭಯಾನಕ ಕಟ್ಟಡಗಳು’ ಎಂದು ಪಟ್ಟಿ ಮಾಡುವ ವಿಡಿಯೊಗಳಲ್ಲಿ ಆಗಾಗ ಬರುವ ಹೆಸರು, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಹಳೆಯ ಉರ್ಸುಲೈನ್ ಕಾನ್ವೆಂಟ್. ಕಥೆ ಹೀಗಿದೆ: 1728ರಲ್ಲಿ ಫ್ರಾನ್ಸ್‌ನಿಂದ ಹಡಗಿನಲ್ಲಿ ಬಂದ ಯುವತಿಯರು ಶವಪೆಟ್ಟಿಗೆಯಂಥ ಪೆಟ್ಟಿಗೆಗಳನ್ನು ತಂದರು. ಅವನ್ನು ಕಾನ್ವೆಂಟಿನ ಮೂರನೇ ಅಂತಸ್ತಿನಲ್ಲಿ ಇಟ್ಟರು. ಆಮೇಲೆ ತೆರೆದು ನೋಡಿದರೆ ಎಲ್ಲವೂ ಖಾಲಿ! ಒಳಗಿದ್ದ ರಕ್ತಪಿಶಾಚಿಗಳು ಹೊರಬರದಂತೆ, ಪೋಪ್ ಆಶೀರ್ವದಿಸಿದ ಮೊಳೆ ಹೊಡೆದು ಅಲ್ಲಿನ ಕಿಟಕಿಗಳನ್ನು ಮುಚ್ಚಿದರು.

ಇದರಲ್ಲಿ ನಿಜವೆಷ್ಟು? ಒಂದೊಂದಾಗಿ ನೋಡೋಣ.

ಕಟ್ಟಡವೇ ಇರಲಿಲ್ಲ

ಉರ್ಸುಲೈನ್ ಪಂಥದ ಕ್ರೈಸ್ತ ಸನ್ಯಾಸಿನಿಯರು ಸುಮಾರು ಐದು ತಿಂಗಳ ಪ್ರಯಾಣ ಮಾಡಿ 1727ರಲ್ಲಿ ಈ ಫ್ರೆಂಚ್ ವಸಾಹತಿಗೆ ಬಂದರು. ಮೊದಲು ಇದ್ದದ್ದು ತಾತ್ಕಾಲಿಕ ಮನೆಯಲ್ಲಿ. ಅವರ ಮೊದಲ ಕಾನ್ವೆಂಟ್ ಸಿದ್ಧವಾಗಿದ್ದು 1734ರಲ್ಲಿ. ವಿಡಿಯೊಗಳಲ್ಲಿ ಕಾಣುವ ಈಗಿನ ಕಟ್ಟಡ ಎರಡನೆಯದು, ಅದು ಮುಗಿದದ್ದು 1750ರ ದಶಕದ ಆರಂಭದಲ್ಲಿ. ಅಂದರೆ 1728ರಲ್ಲಿ ಪೆಟ್ಟಿಗೆ ಇಡಲು ಆ ಮೂರನೇ ಅಂತಸ್ತೇ ಇರಲಿಲ್ಲ.

ಒಂದು ಪದ ಮಾಡಿದ ಎಡವಟ್ಟು

ಆ ಯುವತಿಯರನ್ನು ಕರೆದದ್ದು ‘ಕ್ಯಾಸೆಟ್ ಹುಡುಗಿಯರು’ ಎಂದು. ಫ್ರೆಂಚ್ ಭಾಷೆಯಲ್ಲಿ ಕ್ಯಾಸೆಟ್ ಅಂದರೆ ಪುಟ್ಟ ಪೆಟ್ಟಿಗೆ. ನಾವು ಹಾಡು ಕೇಳುತ್ತಿದ್ದ ಕ್ಯಾಸೆಟ್ ಕೂಡ ಅದೇ ಪದ. ವಸಾಹತಿನಲ್ಲಿ ಹೆಂಗಸರು ಕಡಿಮೆ ಇದ್ದುದರಿಂದ ಫ್ರಾನ್ಸ್ ಆಗಾಗ ಮದುವೆ ವಯಸ್ಸಿನ ಹೆಣ್ಣುಮಕ್ಕಳನ್ನು ಕಳಿಸುತ್ತಿತ್ತು. ಅವರ ಬಟ್ಟೆಬರೆ ಇರುತ್ತಿದ್ದದ್ದು ಈ ಪೆಟ್ಟಿಗೆಯಲ್ಲಿ ಎನ್ನುವುದು ಅಲ್ಲಿನ ನಂಬಿಕೆ. ಇಂಗ್ಲಿಷಿನಲ್ಲಿ ಇದು ‘ಕ್ಯಾಸ್ಕೆಟ್’ ಆಯಿತು. ಆ ಪದಕ್ಕೂ ಮೊದಲಿದ್ದ ಅರ್ಥ ಒಡವೆ ಪೆಟ್ಟಿಗೆ. ಅಮೆರಿಕದಲ್ಲಿ ಅದು ಶವಪೆಟ್ಟಿಗೆ ಎಂಬ ಅರ್ಥ ಪಡೆದದ್ದು 19ನೇ ಶತಮಾನದಲ್ಲಿ. ಬಟ್ಟೆ ಪೆಟ್ಟಿಗೆ ಶವಪೆಟ್ಟಿಗೆಯಾಯಿತು. ಶವಪೆಟ್ಟಿಗೆ ಇದ್ದ ಮೇಲೆ ಪಿಶಾಚಿ ಬರಲು ಎಷ್ಟು ಹೊತ್ತು?

ಕಿಟಕಿ ಯಾಕೆ ಮುಚ್ಚಿದೆ?

ನ್ಯೂ ಆರ್ಲಿಯನ್ಸ್ ಸುಡುವ ಬಿಸಿಲಿನ, ಚಂಡಮಾರುತಗಳ ಊರು. ಅಲ್ಲಿನ ಹಳೆಯ ಮನೆಗಳ ಕಿಟಕಿಗಳಿಗೆ ಹೊರಗಡೆ ಮರದ ಬಾಗಿಲುಗಳು ಸಾಮಾನ್ಯ. ಜನ ವಾಸವಿಲ್ಲದ ಅಟ್ಟದ ಕಿಟಕಿ ಮುಚ್ಚಿಡುವುದರಲ್ಲಿ ವಿಶೇಷವೇನಿಲ್ಲ.

ಭಯ ಬಂದದ್ದು ಎಲ್ಲಿಂದ?

ಆ ಊರಲ್ಲಿ ಸಾವು ಕಣ್ಣೆದುರೇ ಇತ್ತು. 1853ರ ಹಳದಿ ಜ್ವರಕ್ಕೆ ಬಲಿಯಾದವರೇ ಸುಮಾರು 8,000. ರೋಗ ಬಿಗಡಾಯಿಸಿದಾಗ ಕಣ್ಣು, ಚರ್ಮ ಹಳದಿಯಾಗಿ, ಬಾಯಿ ಮೂಗಿನಿಂದ ರಕ್ತ ಬರುತ್ತದೆ. ಇದನ್ನು ಹರಡುವುದು ಸೊಳ್ಳೆ ಎಂದು ಪ್ರಯೋಗಗಳಿಂದ ಖಚಿತವಾಗಿದ್ದು 1900ರಲ್ಲಿ. ಕಾರಣ ತಿಳಿಯದ ಸಾವು ಇಂಥ ಕಥೆಗಳಿಗೆ ಒಳ್ಳೆಯ ಗೊಬ್ಬರ. ಮುಂದೆ ಇದೇ ಊರಿನ ಲೇಖಕಿ ಆ್ಯನ್ ರೈಸ್ 1976ರಲ್ಲಿ ಪ್ರಕಟಿಸಿದ ರಕ್ತಪಿಶಾಚಿ ಕಾದಂಬರಿ, ಆಮೇಲೆ ಬಂದ ಸಿನಿಮಾ, ‘ದೆವ್ವದ ಟೂರ್’ಗಳು ಈ ನಗರಕ್ಕೂ ಪಿಶಾಚಿಗೂ ಗಂಟು ಹಾಕಿದವು.

ಕಥೆ ಮರೆಮಾಚಿದ್ದು

ನಮಗೆ ಕಾನ್ವೆಂಟ್ ಅಂದರೆ ಇಂಗ್ಲಿಷ್ ಶಾಲೆ. ಸನ್ಯಾಸಿನಿಯರ ಮಠ ಎಂಬುದು ಅದರ ಮೂಲ ಅರ್ಥ. ಇದು ಎರಡೂ ಆಗಿತ್ತು. ಇಲ್ಲಿ ಫ್ರೆಂಚರ ಮಕ್ಕಳ ಜೊತೆಗೆ ಗುಲಾಮ ಹೆಣ್ಣುಮಕ್ಕಳಿಗೂ, ಮೂಲನಿವಾಸಿ ಹೆಣ್ಣುಮಕ್ಕಳಿಗೂ ಪಾಠ ನಡೆಯಿತು. 1729ರ ನ್ಯಾಚೆಜ್ ದಾಳಿಯಲ್ಲಿ ಅನಾಥರಾದ ಹುಡುಗಿಯರಿಗೆ ಸನ್ಯಾಸಿನಿಯರು ಆಶ್ರಯ ಕೊಟ್ಟರು. ಅದೇ ಸನ್ಯಾಸಿನಿಯರು ಗುಲಾಮರನ್ನು ಇಟ್ಟುಕೊಂಡು ದುಡಿಸಿಕೊಂಡರು ಎಂಬುದೂ ದಾಖಲಾಗಿದೆ.

ಸಮುದ್ರ ದಾಟಿ ಗುರುತಿಲ್ಲದ ಊರಿಗೆ ಮದುವೆಗೆಂದು ಕಳಿಸಲ್ಪಟ್ಟ ಹುಡುಗಿಯರನ್ನು ಕಥೆ ರಕ್ತ ಹೀರುವವರನ್ನಾಗಿ ಮಾಡಿತು. ಬೆವರು ಸುರಿಸಿದ ಗುಲಾಮರಂತೂ ಕಥೆಯಲ್ಲಿ ಇಲ್ಲವೇ ಇಲ್ಲ. ‘ಸುಮ್ಮನೆ ಮಜಾಕ್ಕೆ’ ಎಂದು ಫಾರ್ವರ್ಡ್ ಮಾಡುವ ದೆವ್ವದ ಕಥೆಯಿಂದ ಆಗುವ ನಷ್ಟ ಇದೇ.

ಇಂಥ ವಿಡಿಯೊ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಕಥೆಯ ಇಸವಿಗೆ ಆ ಕಟ್ಟಡ ಇತ್ತೇ? ಮುಖ್ಯ ಪದಕ್ಕೆ ಆಗ ಇದೇ ಅರ್ಥವಿತ್ತೇ? ಕಥೆ ಯಾರನ್ನು ದೆವ್ವ ಮಾಡುತ್ತಿದೆ? ಉತ್ತರ ಸಿಕ್ಕ ಮೇಲೆ ಕಳಿಸಿ; ಸಾಧ್ಯವಾದರೆ ಉತ್ತರವನ್ನೂ ಸೇರಿಸಿ ಕಳಿಸಿ.